ಅದೇ ಜಾತಿಯ ತುಂಡು

ತರಬೇತಿ ವಿಮಾನದ ಎಡರೆಕ್ಕೆಯ ಪ್ಲಾಸ್ಟಿಕ್ ತುದಿಯನ್ನು ಬಿಚ್ಚಿ ಮೇಜಿನ ಮೇಲೆ ಮಗುಚಿ ಹಾಕಿದಾಗ ಅದರ ಹೊಟ್ಟೆಯಿಂದ ಒಣಗಿದ ಪುಟ್ಟಿಯ ಚೂರುಗಳು ಉದುರಿದವು. ಬೂದು ಬಣ್ಣದವು, ಒಂದೊಂದೂ ಹೆಬ್ಬೆರಳಿನ ಉಗುರಿನಷ್ಟು. ಹಿಂದೆ ಯಾರೋ, ಯಾವಾಗಲೋ ಬಿರುಕಿನ ಮೇಲೆ ಎಪಾಕ್ಸಿ ಎಂಬ ಅಂಟಿನ ಪುಟ್ಟಿ ಮೆತ್ತಿ, ಮೇಲೆ ಬಿಳಿ ಬಣ್ಣ ಹೊಡೆದಿದ್ದರು. ಒಂದು ಚೂರನ್ನು ಎತ್ತಿ ನೋಡಿದೆ. ಪ್ಲಾಸ್ಟಿಕ್ಕಿಗೆ ಅಂಟಿದ್ದ ಮೈ ಕನ್ನಡಿಯಂತೆ ನುಣ್ಣಗಿತ್ತು, ಒಂದು ಗೀರೂ ಇಲ್ಲ. ಉಪ್ಪುಕಾಗದ ಹಾಕಿ ತಿಕ್ಕುವ ಕೆಲಸವನ್ನೂ ಮಾಡಿರಲಿಲ್ಲ. ಪುಟ್ಟಿ ಒಂದು ದಿನವೂ ಹಿಡಿದುಕೊಂಡಿರಲಿಲ್ಲ, ಬಣ್ಣದ ಕೆಳಗೆ ಸುಮ್ಮನೆ ಕೂತಿತ್ತು.

ನನಗೆ ಆಗ ಬಂದದ್ದು ಸಿಟ್ಟು. ಈ ವಿಮಾನದಲ್ಲಿ ಹತ್ತೊಂಬತ್ತು ಇಪ್ಪತ್ತು ವರ್ಷದ ಮಕ್ಕಳು ಒಬ್ಬೊಬ್ಬರೇ ಮೇಲೆ ಹೋಗುತ್ತಾರೆ.

ನಾನು ಕಡಕೊಳದವಳು. ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ ಮಂಡಕಳ್ಳಿ ವಿಮಾನ ನಿಲ್ದಾಣ ದಾಟಿದರೆ ಮುಂದೆ ಸಿಗುವುದೇ ನಮ್ಮೂರು. ಮಂಡಕಳ್ಳಿಯ ಮೈದಾನ 1940ರಲ್ಲಿ, ಅರಸರ ಕಾಲದಲ್ಲಿ ಆದದ್ದು. ನಾನು ಚಿಕ್ಕವಳಿದ್ದಾಗ ಅಲ್ಲಿ ದಿನಕ್ಕೊಂದು ವಿಮಾನವೂ ಇಳಿಯುತ್ತಿರಲಿಲ್ಲ. 2010ರಲ್ಲಿ ಹೊಸ ಟರ್ಮಿನಲ್ ಶುರುವಾದ ಮೇಲೆ ಓಡಾಟ ಹೆಚ್ಚಾಯಿತು, ತರಬೇತಿಯ ಪುಟ್ಟ ವಿಮಾನಗಳು ನಮ್ಮ ಹೊಲಗಳ ಮೇಲೆ ಸುತ್ತು ಹಾಕುವುದು ದಿನದ ನೋಟವಾಯಿತು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಪ್ಲಾಸ್ಟಿಕ್ ತರಬೇತಿ ಸಂಸ್ಥೆ ಸಿಪೆಟ್‌ನಲ್ಲಿ ಪ್ಲಾಸ್ಟಿಕ್ಸ್ ಡಿಪ್ಲೊಮಾ ಓದಿ, ಕೆಲವು ವರ್ಷ ಮಿಕ್ಸಿಯ ಬಾಡಿ ಮಾಡುವ ಕಡೆ ಮೋಲ್ಡಿಂಗ್ ಮೆಷೀನ್ ನೋಡಿಕೊಂಡಿದ್ದೆ. ಆಮೇಲೆ ವಿಮಾನ ನಿಲ್ಲಿಸಿ ರಿಪೇರಿ ಮಾಡುವ ಹ್ಯಾಂಗರಿನಲ್ಲಿ ಟೆಕ್ನೀಷಿಯನ್ ಕೆಲಸ ಸಿಕ್ಕಿತು. ಸಹಿ ಹಾಕುವ ಅಧಿಕಾರ ನನಗಿಲ್ಲ. ಅದು ವಿಮಾನಯಾನ ನಿಯಂತ್ರಿಸುವ ಡಿಜಿಸಿಎಯ ಲೈಸೆನ್ಸ್ ಇರುವ ಎಎಂಇಗೆ, ಅಂದರೆ ವಿಮಾನ ನಿರ್ವಹಣೆಯ ಎಂಜಿನಿಯರಿಗೆ ಮಾತ್ರ. ನಮ್ಮ ಸರ್‌ ಅವರದು ಬಿ1.2, ಅಂದರೆ ಪಿಸ್ಟನ್ ಎಂಜಿನ್ ವಿಮಾನಗಳದು. ಕೆಲಸ ನನ್ನ ಕೈಯಲ್ಲಾದರೂ ಹಾರಬಹುದು ಎಂದು ಬರೆದುಕೊಡುವವರು ಅವರು.

ಆ ವಿಮಾನ ನಾಲ್ಕು ಸೀಟಿನದು, ರೆಕ್ಕೆ ಕೆಳಗಡೆ ಇರುವಂಥದ್ದು. ಮೈಯೆಲ್ಲ ಅಲ್ಯೂಮಿನಿಯಂ. ಆದರೆ ರೆಕ್ಕೆಯ ತುದಿ, ಬಾಲದ ತುದಿ, ಚಕ್ರದ ಮೇಲಿನ ಮುಚ್ಚಳ, ಒಳಗಿನ ಪ್ಯಾನೆಲ್ಲುಗಳು, ಹೀಗೆ ಉಬ್ಬು ತಗ್ಗು ಜಾಸ್ತಿ ಇರುವ ಕಡೆಯೆಲ್ಲ ಪ್ಲಾಸ್ಟಿಕ್. ತಗಡನ್ನು ಆ ಆಕಾರಕ್ಕೆ ಬಡಿಯುವುದು ಕಷ್ಟದ, ದುಬಾರಿಯ ಕೆಲಸ. ಪ್ಲಾಸ್ಟಿಕ್ ಹಾಳೆಯಾದರೆ ಬಿಸಿ ಮಾಡಿ, ಅಚ್ಚಿನ ಮೇಲೆ ಹಾಸಿ, ಕೆಳಗಿನಿಂದ ಗಾಳಿ ಎಳೆದರೆ ಒಂದು ನಿಮಿಷದಲ್ಲಿ ಆಕಾರ ಬರುತ್ತದೆ. ಹಾಗೆ ಎಳೆದಾಗ ಮೂಲೆಗಳಲ್ಲಿ ಹಾಳೆ ಹಿಗ್ಗಿ ತೆಳ್ಳಗಾಗುತ್ತದೆ ಎಂಬುದನ್ನು ಮರೆಯಬಾರದು. ನಮ್ಮ ತುದಿಯಲ್ಲಿ ಬಯಲು ಭಾಗ ಸುಮಾರು ಎರಡೂವರೆ ಮಿಲಿಮೀಟರ್ ದಪ್ಪ ಇದ್ದರೆ ಮುಂದಿನ ತಿರುವಿನಲ್ಲಿ ಒಂದೂವರೆಯೂ ಇರಲಿಲ್ಲ.

ಪೆಟ್ಟು ಎರಡು ಇದ್ದವು. ಒಂದು ಹೊಸದು: ಸಂಜೆ ಹ್ಯಾಂಗರಿನೊಳಗೆ ತಳ್ಳುವಾಗ ತುದಿ ಬಾಗಿಲಿನ ಕಬ್ಬಿಣದ ಕಂಬಕ್ಕೆ ತಗುಲಿ, ಕೆಂಪು ದೀಪದ ಹಿಂದೆ ಮೂರು ಬೆರಳಗಲ ಒಡೆದು ಒಳಗೆ ಹೋಗಿತ್ತು. ತಳ್ಳುವಾಗ ರೆಕ್ಕೆಯ ತುದಿ ನೋಡಲು ಒಬ್ಬರು ನಿಲ್ಲಬೇಕು. ಅವತ್ತು ಯಾರೂ ನಿಂತಿರಲಿಲ್ಲ. ಇನ್ನೊಂದು ಹಳೆಯದು, ಆ ಪುಟ್ಟಿಯ ಕೆಳಗಿದ್ದ ಬಿರುಕು. ಸ್ಕ್ರೂ ತೂತಿನಿಂದ ಹೊರಟು ಒಂದು ಗೇಣಿನಷ್ಟು ಓಡಿತ್ತು. ಎಲ್ಲರ ಕಣ್ಣೂ ದೊಡ್ಡ ತೂತಿನ ಮೇಲಿದ್ದರೆ ಸರ್ ನೋಡುತ್ತಿದ್ದದ್ದು ಈ ಬಿರುಕನ್ನು.

"ತೂತು ಬಿಡಮ್ಮ, ಕಂಬಕ್ಕೆ ಹೊಡೀತು, ಒಡೀತು. ಕಾರಣ ಗೊತ್ತಿದೆ. ಈ ಬಿರುಕು ಯಾಕೆ ಬಂತು ಹೇಳು. ಅದು ಗೊತ್ತಾಗೋವರ್ಗೂ ಡ್ರಿಲ್ ಮುಟ್ಟಬೇಡ" ಅಂದರು.

ತಯಾರಕರ ಕೈಪಿಡಿಯಲ್ಲೂ ಬಿರುಕಿನ ವಿಚಾರ ಶುರುವಾಗುವುದು ಅಲ್ಲಿಂದಲೇ. ಮೊದಲು ಕಾರಣ ಹುಡುಕು, ಅದನ್ನು ನಿವಾರಿಸು, ಆಮೇಲೆ ದುರಸ್ತಿ. ನಾನು ಆ ಸಾಲನ್ನು ಎಷ್ಟೋ ಸಲ ಓದಿದ್ದೆ, ಓದಿ ಮುಂದಕ್ಕೆ ಹೋಗಿದ್ದೆ. ಅವತ್ತು ಮಾತ್ರ ಕುರ್ಚಿ ಎಳೆದುಕೊಂಡು ಆ ಸ್ಕ್ರೂ ತೂತಿನ ಎದುರು ಕೂತೆ.

ತೂತಿನ ಸುತ್ತ ಸ್ಕ್ರೂ ತಲೆ ಒತ್ತಿದ ಗುರುತು ಉಂಗುರದಂತೆ ಆಳವಾಗಿ ಕೂತಿತ್ತು. ಯಾರೋ ಬಲವಾಗಿ ಬಿಗಿದಿದ್ದರು. ಲೋಹಕ್ಕೆ ಲೋಹ ಬಿಗಿಯುವ ಕೈ ಪ್ಲಾಸ್ಟಿಕ್ಕಿಗೂ ಅಷ್ಟೇ ಬಿಗಿಯುತ್ತದೆ, ಸಡಿಲ ಬಿಟ್ಟರೆ ಬಿಚ್ಚಿಹೋಗುತ್ತದೇನೋ ಎಂಬ ಭಯ. ಆದರೆ ಈ ಎರಡು ವಸ್ತುಗಳು ಬಿಸಿಲಿಗೆ ಒಂದೇ ಸಮ ಹಿಗ್ಗುವುದಿಲ್ಲ. ಲೆಕ್ಕ ಹಾಕಿದೆ. ತುದಿಯ ಅಂಚು ಉದ್ದಕ್ಕೆ ಸುಮಾರು ಒಂದು ಮೀಟರ್. ಬೆಳಿಗ್ಗೆ 20 ಡಿಗ್ರಿ ಇದ್ದದ್ದು ಮಾರ್ಚ್ ಮಧ್ಯಾಹ್ನ ಏಪ್ರನ್ ಮೇಲೆ, ಅಂದರೆ ವಿಮಾನ ನಿಲ್ಲಿಸುವ ಬಯಲು ಅಂಗಳದಲ್ಲಿ, ನಿಂತ ವಿಮಾನದ ಮೈಯಲ್ಲಿ 60 ಡಿಗ್ರಿ ಮುಟ್ಟುತ್ತದೆ ಅಂತಿಟ್ಟುಕೊಳ್ಳಿ. ಆ 40 ಡಿಗ್ರಿಗೆ ಅಲ್ಯೂಮಿನಿಯಂ ಒಂದು ಮಿಲಿಮೀಟರೂ ಬೆಳೆಯುವುದಿಲ್ಲ, ಈ ಪ್ಲಾಸ್ಟಿಕ್ ಮೂರು ಮಿಲಿಮೀಟರ್ ದಾಟುತ್ತದೆ. ಆ ಹೆಚ್ಚಿನ ಎರಡೂ ಚಿಲ್ಲರೆ ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ತೂತಿನಲ್ಲಿ ಸ್ವಲ್ಪ ಸಡಿಲವಿದ್ದರೆ ಸ್ಕ್ರೂ ಕೆಳಗೆ ಜಾರಿಕೊಳ್ಳುತ್ತದೆ. ಬಿಗಿದು ಕಟ್ಟಿದ್ದರೆ ತೂತಿನ ಅಂಚೇ ಆ ಎಳೆತವನ್ನೆಲ್ಲ ತಿನ್ನಬೇಕು. ದಿನಾ ಹಗಲು ಹಿಗ್ಗಿ, ರಾತ್ರಿ ಕುಗ್ಗಿ, ವರ್ಷಗಟ್ಟಲೆ ಅದೇ. ಜೊತೆಗೆ ಬಿಸಿಲು ಪ್ಲಾಸ್ಟಿಕ್ಕನ್ನು ಪೆಡಸು ಮಾಡಿರುತ್ತದೆ. ಇಂಥದ್ದರಲ್ಲಿ ಬಿರುಕು ಬಾರದೆ ಇದ್ದಿದ್ದರೆ ಆಶ್ಚರ್ಯ.

ಸರ್‌ಗೆ ಹೇಳಿದೆ. ಅವರು ತಲೆಯಾಡಿಸಿ ಒಂದೇ ಪ್ರಶ್ನೆ ಕೇಳಿದರು: "ಬಲಗಡೆ ನೋಡಿದ್ಯಾ?"

ನೋಡಿರಲಿಲ್ಲ. ಹೋಗಿ ನೋಡಿದರೆ ಬಲಗಡೆಯ ತುದಿಯಲ್ಲೂ ಅದೇ ಜಾಗದ ತೂತಿನಲ್ಲಿ ಕೂದಲೆಳೆಯಷ್ಟು ಬಿರುಕು, ಅಕ್ಕಿಕಾಳಿನುದ್ದ.

ಯಾವ ಪ್ಲಾಸ್ಟಿಕ್ ಎಂಬುದು ಕೈಪಿಡಿಯಲ್ಲೇ ಇತ್ತು, ಎಬಿಎಸ್. ಅಕ್ರಿಲೋನೈಟ್ರೈಲ್, ಬ್ಯೂಟಡೈನ್, ಸ್ಟೈರೀನ್ ಮೂರೂ ಸೇರಿದ್ದು. ಸ್ಕೂಟರ್ ಹೆಲ್ಮೆಟ್ಟಿನ ಚಿಪ್ಪು, ನಾನು ಮಾಡುತ್ತಿದ್ದ ಮಿಕ್ಸಿಯ ಬಾಡಿ, ಎಲ್ಲ ಇದೇ. ಇದರಲ್ಲಿ ಬ್ಯೂಟಡೈನ್ ಅಂದರೆ ರಬ್ಬರು. ಪೆಟ್ಟು ತಡೆಯುವುದು ಅದು, ಬಿಸಿಲಿಗೆ ಮೊದಲು ಹಾಳಾಗುವುದೂ ಅದೇ. ಹಳೆ ಕಂಪ್ಯೂಟರ್ ಹಳದಿಗೆ ತಿರುಗುವುದನ್ನು ನೋಡಿರುತ್ತೀರಿ. ಪುಸ್ತಕದಲ್ಲಿದ್ದರೂ ನಾನು ಪರೀಕ್ಷೆ ಮಾಡಿದೆ, ಯಾಕೆಂದರೆ ಹಿಂದೆ ಪುಟ್ಟಿ ಮೆತ್ತಿದವರು ತುದಿಯನ್ನೇ ಬೇರೆಯದು ಹಾಕಿರಲಿಕ್ಕೂ ಸಾಕು. ಒಳ ಅಂಚಿನಿಂದ ಬ್ಲೇಡಿನಲ್ಲಿ ಒಂದು ಸುರುಳಿ ಹೆರೆದೆ. ಲೋಟದ ನೀರಿಗೆ ಹಾಕಿದರೆ ಮುಳುಗಿತು. ನೀರಿಗೆ ಎರಡು ಹಿಡಿ ಉಪ್ಪು ಕದಡಿದ ಮೇಲೆ ಎದ್ದು ತೇಲಿತು. ಹೊರಗೆ ತೆಗೆದುಕೊಂಡು ಹೋಗಿ ಇನ್ನೊಂದು ಸುರುಳಿಗೆ ಕಡ್ಡಿ ಗೀರಿದರೆ ಹಳದಿ ಉರಿ, ಮೇಲಕ್ಕೆ ಎಳೆ ಎಳೆಯಾಗಿ ಕರಿ ಮಸಿ. ಮೂರನೆಯದಕ್ಕೆ ಅಸಿಟೋನ್ ತೊಟ್ಟು ಬಿಟ್ಟರೆ ಅರ್ಧ ನಿಮಿಷದಲ್ಲಿ ಬೆರಳಿಗೆ ಅಂಟಿತು. ಎಬಿಎಸ್ಸೇ.

ಬೆರಳಿಗೆ ಅಂಟಿದ ಆ ಕ್ಷಣದಲ್ಲಿ ನನಗೆ ನಮ್ಮೂರ ಬೀದಿ ನೆನಪಾಯಿತು. ಬೇಸಿಗೆಯಲ್ಲಿ ಒಬ್ಬರು ಬರುತ್ತಿದ್ದರು, ಹೆಗಲಿಗೊಂದು ಚೀಲ, ಕೈಯಲ್ಲೊಂದು ಇದ್ದಿಲು ಡಬ್ಬ. "ಬಿಂದಿಗೆ ರಿಪೇರೀ, ಬಕೀಟು ರಿಪೇರೀ" ಎಂದು ಕೂಗಿಕೊಂಡು ಜಗಲಿಯ ಮೇಲೆ ಕೂರುತ್ತಿದ್ದರು. ಇದ್ದಿಲಿನಲ್ಲಿ ಕಬ್ಬಿಣದ ಕಡ್ಡಿ ಕಾಯಿಸಿ, ಒಡೆದ ಬಿಂದಿಗೆಯ ಸೀಳಿನ ಎರಡೂ ಅಂಚು ಕರಗಿಸಿ, ಹಳೇ ಬಿಂದಿಗೆಯ ಒಂದು ಚೂರನ್ನು ಮೇಲಿಟ್ಟು ತೇಯುತ್ತಿದ್ದರು. ಅವ್ವ ಒಮ್ಮೆ ಒಡೆದ ಆಟಿಕೆಯ ತುಂಡು ಕೊಟ್ಟಿದ್ದಕ್ಕೆ ಅವರು ವಾಪಸ್ ಕೊಟ್ಟರು. "ಇದು ಬ್ಯಾರೆ ಜಾತಿ ಕಣವ್ವ, ಹಿಡಿಯಕ್ಕಿಲ್ಲ. ಬಿಂದ್ಗೆಗೆ ಬಿಂದ್ಗೆದೇ ತುಂಡು ಕೊಡು." ನಾನು ಹೆಬ್ಬಾಳದಲ್ಲಿ ಮೂರು ವರ್ಷ ಓದಿದ ಪಾಠದ ಅರ್ಧ ಆ ಮಾತಿನಲ್ಲಿದೆ. ಬಿಂದಿಗೆಯ ಪಾಲಿಥೀನಿಗೆ ಸಾಧಾರಣ ಗಮ್ಮು ಯಾವುದೂ ಹಿಡಿಯುವುದಿಲ್ಲ, ಬಿಸಿಗೆ ಮಾತ್ರ ಬಗ್ಗುತ್ತದೆ. ಎಬಿಎಸ್ ಬಿಸಿಗೂ ಬಗ್ಗುತ್ತದೆ, ದ್ರಾವಕಕ್ಕೂ ಕರಗುತ್ತದೆ. ಎರಡರಲ್ಲೂ ಬೇಕಾದ್ದು ಅದೇ ಜಾತಿಯ ತುಂಡು, ಎರಡರಲ್ಲೂ ಅಂಚು ಕರಗಿ ಒಂದರೊಳಗೊಂದು ಹೊಕ್ಕು ಗಟ್ಟಿಯಾಗಬೇಕು. ಪುಟ್ಟಿ ಮೇಲೆ ಕೂರುವ ಹೊರಗಿನದು. ಮೈಯನ್ನು ಚೆನ್ನಾಗಿ ತರಿ ಮಾಡಿ ಹಚ್ಚಿದರೆ ಎಪಾಕ್ಸಿಯೂ ಒಂದಷ್ಟು ಹಿಡಿದುಕೊಳ್ಳುತ್ತದೆ, ಆದರೆ ಹಿಗ್ಗಿ ಕುಗ್ಗುವ ತೆಳು ಚಿಪ್ಪಿನ ಜೊತೆ ಅದು ಬಗ್ಗಲಾರದು.

ಹಾಗಾದರೆ ಬಿಂದಿಗೆಯವರಂತೆ ಕಾದ ಕಡ್ಡಿ ಯಾಕೆ ಬೇಡ? ಅಚ್ಚಿನ ಮೇಲೆ ಎಳೆದು ಮಾಡಿದ ಹಾಳೆಗೆ ತಾನು ಒಂದು ಕಾಲದಲ್ಲಿ ಚಪ್ಪಟೆಯಾಗಿದ್ದೆ ಎಂಬ ನೆನಪು ಉಳಿದಿರುತ್ತದೆ. ಎಬಿಎಸ್ 105 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಅಲ್ಲಿಗೆ ಮುಟ್ಟಿದ ಕಡೆ ಅದು ತನ್ನ ಹಳೆಯ ಆಕಾರದ ಕಡೆ ಸರಿಯಲು ನೋಡುತ್ತದೆ, ತುದಿ ಸೊಟ್ಟಗಾಗುತ್ತದೆ. ಗುಜರಿಗೆ ಹೋಗಬೇಕಿದ್ದ ಒಂದು ಹಳೇ ತುದಿಯ ಮೇಲೆ ಬಿಸಿಗಾಳಿ ಬಿಟ್ಟು ನೋಡಿದೆ. ಬಾಳೆಲೆ ಉರಿಗೆ ಹಿಡಿದಂತೆ ಸುಕ್ಕಾಗಿ ಎದ್ದಿತು.

ಆ ಗುಜರಿ ತುದಿಯಿಂದಲೇ ತೇಪೆಗೆ ತುಂಡು ಕತ್ತರಿಸೋಣ ಅಂತ ನನಗಿತ್ತು. ಅದೇ ಜಾತಿ, ಅದೇ ದಪ್ಪ, ಅದೇ ಬಾಗು. ಸರ್ ಒಪ್ಪಲಿಲ್ಲ. ಹಲವು ವರ್ಷ ಬಿಸಿಲು ತಿಂದ ಮಾಲು, ಅದಕ್ಕೆ ಕಾಗದವೂ ಇಲ್ಲ. ವಿಮಾನಕ್ಕೆ ಹೋಗುವ ಒಂದು ಚಮಚ ಅಂಟಿಗೂ ಅದು ಎಲ್ಲಿಂದ ಬಂತು, ಯಾವಾಗ ಅವಧಿ ಮುಗಿಯುತ್ತದೆ ಎಂಬ ಕಾಗದ ಇರಬೇಕು. ಬೆಂಗಳೂರಿನಿಂದ ಟೆಸ್ಟ್ ಸರ್ಟಿಫಿಕೇಟಿನ ಜೊತೆ ಎಬಿಎಸ್ ಹಾಳೆ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನವೂ ನಾನು ಗುಜರಿ ತುದಿಯ ಮೇಲೆ ಕೈ ಪಳಗಿಸಿದೆ.

ಬಣ್ಣ ತೆಗೆಯುವುದರಿಂದಲೇ ಎಚ್ಚರ ಬೇಕು. ಅಲ್ಯೂಮಿನಿಯಂ ಮೇಲೆ ಹಚ್ಚುವ ಪೇಂಟ್ ಸ್ಟ್ರಿಪ್ಪರನ್ನು ಇಲ್ಲಿ ಹಚ್ಚಿದರೆ ಬಣ್ಣದ ಜೊತೆ ತುದಿಯೂ ಕರಗಿಹೋಗುತ್ತದೆ. ಕೈಯಲ್ಲೇ, 220ರ ಉಪ್ಪುಕಾಗದದಲ್ಲಿ ಶುರುಮಾಡಿ, ಪ್ಲಾಸ್ಟಿಕ್ ಕಾಣುವಾಗ ಇನ್ನೂ ನುಣುಪಾದ 400ಕ್ಕೆ ಬಂದೆ. ಅರ್ಧ ದಿನದ ಕೆಲಸ.

ಆಮೇಲೆ ಬಿರುಕಿನ ತುದಿ ಹುಡುಕುವುದು. ಇಡೀ ಕೆಲಸದಲ್ಲಿ ನನಗೆ ಬಹಳ ಪ್ರಿಯವಾದ ಭಾಗ ಇದು. ಬಿರುಕು ಕಣ್ಣಿಗೆ ಕಾಣುವಲ್ಲಿ ಮುಗಿದಿರುವುದಿಲ್ಲ. ಎರಡೂ ಹೆಬ್ಬೆರಳಿನಿಂದ ಆ ಜಾಗವನ್ನು ಹಿಂದಿನಿಂದ ಮೆಲ್ಲಗೆ ಒತ್ತಿ ಬಗ್ಗಿಸಿದೆ. ಕಂಡಿದ್ದ ಕೊನೆಯಿಂದ ಇನ್ನೂ ಎಂಟು ಮಿಲಿಮೀಟರ್ ಆಚೆಗೆ, ಹಾಲಿನ ಕೆನೆಯ ಗೆರೆಯಂತೆ ಪ್ಲಾಸ್ಟಿಕ್ ಬೆಳ್ಳಗಾಯಿತು. ಎಳೆತ ಬಿದ್ದ ಕಡೆ ಒಳಗಿನ ರಬ್ಬರ್ ಕಣಗಳ ಸುತ್ತ ಕಣ್ಣಿಗೆ ಕಾಣದ ಸೂಕ್ಷ್ಮ ಸೀಳುಗಳು ತೆರೆದುಕೊಳ್ಳುತ್ತವೆ, ಬೆಳಕು ಚದುರಿ ಬಿಳಿ ಕಾಣುತ್ತದೆ. ಬೆರಳು ಸಡಿಲಿಸಿದರೆ ಬಿಳಿ ಮಾಸುತ್ತದೆ, ಪೂರ್ತಿ ಹೋಗುವುದಿಲ್ಲ. ಪೆನ್ಸಿಲಿನಲ್ಲಿ ಆ ಬಿಳಿಯ ಕೊನೆಗೆ ಚುಕ್ಕೆ ಇಟ್ಟೆ. ಅದರ ಮೇಲೆ 3 ಮಿಲಿಮೀಟರ್ ಡ್ರಿಲ್ ಬಿಟ್ ಹಿಡಿದು ತೂತು ಹಾಕಬೇಕು. ಸೂಜಿಮೊನೆಯಂತಿದ್ದ ಬಿರುಕಿನ ಕೊನೆ ದುಂಡಗಿನ ತೂತಿಗೆ ಬಂದು ಬಿದ್ದರೆ ಅಲ್ಲಿ ಒತ್ತಡ ಒಂದೇ ಬಿಂದುವಿನಲ್ಲಿ ನಿಲ್ಲದೆ ಸುತ್ತ ಹಂಚಿಹೋಗುತ್ತದೆ, ಬಿರುಕು ಮುಂದೆ ಓಡುವುದಿಲ್ಲ. ಚುಕ್ಕೆ ಎರಡು ಮಿಲಿಮೀಟರ್ ಹಿಂದಾದರೂ ತೂತು ಹಾಕಿದ್ದು ವ್ಯರ್ಥ. ಹಿಂದೆ ಒಂದು ಮರದ ತುಂಡು ಒತ್ತಿ ಹಿಡಿದು, ಡ್ರಿಲ್ಲನ್ನು ತೀರಾ ನಿಧಾನ ಬಿಟ್ಟೆ. ವೇಗ ಹೆಚ್ಚಾದರೆ ಪ್ಲಾಸ್ಟಿಕ್ ಕರಗಿ ಡ್ರಿಲ್ ಬಿಟ್ಟಿಗೆ ಸುತ್ತಿಕೊಳ್ಳುತ್ತದೆ, ಆ ಬಿಟ್ ಆಚೆ ಹೊರಬೀಳುವಾಗ ಎಳೆದು ಹೊಸ ಬಿರುಕು ತರುತ್ತದೆ.

ಬಿರುಕಿನ ಉದ್ದಕ್ಕೂ ಬ್ಲೇಡಿನ ಮೂಲೆಯಿಂದ ವಿ ಆಕಾರದ ಕಾಲುವೆ ಕೊರೆದೆ. ಒಡೆದುಹೋದ ತೂತಿನ ಅಂಚುಗಳನ್ನು ದುಂಡಗೆ ಕತ್ತರಿಸಿ, ಚೂಪು ಮೂಲೆ ಒಂದೂ ಉಳಿಯದಂತೆ ಸವರಿದೆ.

ಈಗ ಪಾಕ. ಹೊಸ ಹಾಳೆಯ ಅಂಚನ್ನು ಹೆರೆದು ಸುರುಳಿಗಳನ್ನು ಗಾಜಿನ ಜಾಡಿಗೆ ಹಾಕಿ, ಮುಳುಗುವಷ್ಟು ಎಂ.ಇ.ಕೆ. ದ್ರಾವಕ ಸುರಿದು ಮುಚ್ಚಿಡಬೇಕು. ಮೀಥೈಲ್ ಈಥೈಲ್ ಕೀಟೋನ್ ಅಂತ ಅದರ ಪೂರ್ತಿ ಹೆಸರು. ಅಸಿಟೋನೂ ಕರಗಿಸುತ್ತದೆ, ಸುಲಭವಾಗಿ ಸಿಗುತ್ತದೆ. ಆದರೆ ಅದು ಕುದಿಯುವುದೇ 56 ಡಿಗ್ರಿಗೆ, ನಮ್ಮ ಮಾರ್ಚಿನ ಸೆಕೆಯಲ್ಲಿ ಬ್ರಷ್‌ನಿಂದ ಕಾಲುವೆಗೆ ಇಳಿಯುವಷ್ಟರಲ್ಲಿ ಮೇಲೆ ಕೆನೆ ಕಟ್ಟುತ್ತದೆ. ಎಂ.ಇ.ಕೆ.ಗೆ 80 ಡಿಗ್ರಿ, ಅದು ಸ್ವಲ್ಪ ಹೊತ್ತು ತಾಳುತ್ತದೆ, ಅಂಚಿನೊಳಗೆ ಇಳಿಯಲು ಪುರುಸೊತ್ತು ಕೊಡುತ್ತದೆ. ಒಂದು ರಾತ್ರಿ ಕಳೆದರೆ ಜಾಡಿಯಲ್ಲಿ ಸುರುಳಿ ಇರುವುದಿಲ್ಲ, ಗಟ್ಟಿ ಪಾಕ ಇರುತ್ತದೆ. ಹದ ಹೇಗಿರಬೇಕು ಎಂದು ಸಹಾಯಕ್ಕಿದ್ದ ಹುಡುಗ ಕೇಳಿದ. ಮಂಡ್ಯ ಕಡೆಯವನು, ಅವನಿಗೆ ಒಂದೇ ಮಾತಿನಲ್ಲಿ ತಿಳಿಯಿತು: ಜೋನಿಬೆಲ್ಲ. ಕಡ್ಡಿ ಎತ್ತಿದರೆ ಎಳೆ ಕಡಿಯದೆ ಇಳಿಯಬೇಕು.

ಇದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದುಕೊಂಡು ಹೋಗಿ ದೂರದ ಕಿಡಿಯನ್ನೂ ಮುಟ್ಟಬಲ್ಲದು. ಮೈನಸ್ 9 ಡಿಗ್ರಿಯಲ್ಲೂ ಬೆಂಕಿ ಹಿಡಿಯುವಷ್ಟು ಆವಿ ಬಿಡುವ ವಸ್ತು ಅದು. ಬ್ಯಾಟರಿ ಚಾರ್ಜ್ ಮಾಡುವ ಕೋಣೆಯಿಂದ ದೂರ, ಎರಡೂ ಬಾಗಿಲು ತೆರೆದ ಪೇಂಟ್ ಶೆಡ್‌ನಲ್ಲೇ ಕೆಲಸ ಮಾಡಿದೆವು. ದ್ರಾವಕದ ಆವಿಗೆ ತಕ್ಕ ಕಾರ್ಟ್ರಿಜ್ ಇರುವ ಮಾಸ್ಕ್, ಕೈಗೆ ಬ್ಯೂಟೈಲ್ ರಬ್ಬರಿನ ಗ್ಲೌಸ್. ಸಾಧಾರಣ ನೀಲಿ ನೈಟ್ರೈಲ್ ಗ್ಲೌಸನ್ನು ಎಂ.ಇ.ಕೆ. ಕೆಲವೇ ನಿಮಿಷದಲ್ಲಿ ದಾಟಿ ಒಳಗೆ ಬರುತ್ತದೆ.

ಮೊದಲ ಸಲ ನಾನು ತಪ್ಪು ಮಾಡಿದೆ. ಗುಜರಿ ತುದಿಯ ಮೇಲೆ ಚೆನ್ನಾಗಿಯೇ ಬಂದಿತ್ತು, ಆ ಧೈರ್ಯದಲ್ಲಿ ನಿಜವಾದ ತುದಿಯ ಬಿರುಕನ್ನು ಒಂದೇ ಸಲಕ್ಕೆ ತುಂಬಿದೆ. ಶನಿವಾರ ಮಧ್ಯಾಹ್ನ, ಬೇಗ ಮುಗಿಸಿ ಊರಿಗೆ ಹೋಗುವ ಆತುರ. ಸೋಮವಾರ ಬೆಳಿಗ್ಗೆ ಬಂದು ಉಗುರಿನಿಂದ ಒತ್ತಿದರೆ ಗುಳಿ ಬಿತ್ತು. ಮೇಲೆ ಗಟ್ಟಿ ಪದರ, ಒಳಗೆ ಇನ್ನೂ ಹಸಿ, ನಡುವೆ ಎಳ್ಳಿನಷ್ಟು ಗುಳ್ಳೆಗಳು. ಮೇಲಿನ ಪದರ ಒಣಗಿ ಬಾಯಿ ಮುಚ್ಚಿಕೊಂಡರೆ ಒಳಗಿನ ದ್ರಾವಕಕ್ಕೆ ಹೊರಗೆ ಹೋಗಲು ದಾರಿಯೇ ಇಲ್ಲ. ಅಲ್ಲೇ ನಿಂತು ಅಕ್ಕಪಕ್ಕದ ಒಳ್ಳೆಯ ಪ್ಲಾಸ್ಟಿಕ್ಕನ್ನೂ ಮೆತ್ತಗೆ ಮಾಡುತ್ತದೆ. ಸರ್‌ ಬಳಿ ಹೋಗಿ ಹೇಳಿದೆ. ಅವರು ಬಂದು ಬೆರಳಲ್ಲಿ ಒತ್ತಿ ನೋಡಿ, "ಪೂರ್ತಿ ತೆಗಿ. ಮೆತ್ತಗಾಗಿರೋ ಅಂಚನ್ನೂ ತೆಗಿ. ಹೊಸದಾಗಿ ಬರೆಯೋಣ" ಅಂದರು. ವರ್ಕ್‌ಶೀಟಿನಲ್ಲಿ ಅದನ್ನೂ ಬರೆಸಿದರು, ಮೊದಲ ತುಂಬುವಿಕೆ ತೆಗೆದು ಹಾಕಲಾಯಿತು ಎಂದು. ಮುಚ್ಚಿಡುವ ಅಭ್ಯಾಸ ಆ ಹ್ಯಾಂಗರಿನಲ್ಲಿ ಇಲ್ಲ, ಅದಕ್ಕೇ ನಾನು ಅಲ್ಲಿ ಕೆಲಸ ಮಾಡುವುದು.

ಎರಡನೆಯ ಸಲ ಪದರ ಪದರವಾಗಿ ಹೋದೆ. ಮೊದಲು ಬರೀ ಎಂ.ಇ.ಕೆ.ಯನ್ನು ಸಣ್ಣ ಬ್ರಷ್‌ನಿಂದ ಕಾಲುವೆಯ ಎರಡೂ ದಡಕ್ಕೆ ಸವರಿ, ಹೊಳಪು ಮಂಕಾಗಿ ಅಂಟು ಬರುವವರೆಗೆ ಕಾದೆ. ಆಮೇಲೆ ತೆಳ್ಳಗೆ ಪಾಕ. ಮರುದಿನ ಬೆಳಿಗ್ಗೆ ನೋಡಿದರೆ ಹಚ್ಚಿದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿತ್ತು, ದ್ರಾವಕ ಹಾರಿಹೋದಷ್ಟೂ ಅದು ಇಳಿಯಲೇಬೇಕು. ಮತ್ತೆ ಒಂದು ಪದರ. ದಿನಕ್ಕೊಂದರಂತೆ ಐದು ದಿನ. ಆರನೆಯ ದಿನ ಅದು ಅಂಚಿಗಿಂತ ಕೂದಲೆಳೆ ಮೇಲೆ ನಿಂತಿತು, ಅಲ್ಲಿಗೆ ನಿಲ್ಲಿಸಿದೆ.

ಒಳಗಡೆಯಿಂದ ಆಸರೆ ಕೊಡುವ ಪಟ್ಟಿಗೆ ಹಾಳೆಯಲ್ಲಿ ಎರಡು ಬೆರಳಗಲದ ತುಂಡು ಕತ್ತರಿಸಿದೆ. ಮರದ ಅಚ್ಚೊಂದನ್ನು ತುದಿಯ ಒಳಬಾಗಿಗೆ ಸರಿಯಾಗಿ ಕೆತ್ತಿ, ಪಟ್ಟಿಯನ್ನು ಬೇರೆಯಾಗಿ ಬಿಸಿ ಮಾಡಿ, ಹತ್ತಿ ಗ್ಲೌಸ್ ಹಾಕಿಕೊಂಡು ಅಚ್ಚಿನ ಮೇಲೆ ಒತ್ತಿ ಹಿಡಿದೆ. ಬಲವಂತದಿಂದ ಬಗ್ಗಿಸಿ ಅಂಟಿಸಿದರೆ ಆ ಪಟ್ಟಿಯೇ ದಿನಾ ಬಿರುಕನ್ನು ಬಾಯಿ ತೆರೆಸುತ್ತಿರುತ್ತದೆ. ಆರಿದ ಮೇಲೆ ಎರಡೂ ಮೈಗೆ ದ್ರಾವಕ ಸವರಿ ಕೂರಿಸಿ, ಮೇಲೆ ಮರಳು ತುಂಬಿದ ಬಟ್ಟೆ ಚೀಲಗಳನ್ನು ಹೇರಿದೆ. ಒಡೆದ ತೂತಿಗೂ ಹೀಗೇ, ಒಳಗೊಂದು ಪಟ್ಟಿ, ಅದರ ಮೇಲೆ ತೂತಿನ ಆಕಾರಕ್ಕೇ ಕತ್ತರಿಸಿದ ಬಿಲ್ಲೆ, ಸುತ್ತ ಪಾಕ.

ಈ ನಡುವೆ ನಡೆದ ಒಂದು ಸಂಗತಿ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕೈ ಒರೆಸಿಕೊಂಡಿದ್ದ ಬಟ್ಟೆಯನ್ನು ಹಿಡಿದು ಹುಡುಗ ವಿಮಾನದ ಕಡೆ ನಡೆದ. ಕಿಟಕಿಯ ಮೇಲೆ ಹಕ್ಕಿ ಹಿಕ್ಕೆ ಬಿದ್ದಿತ್ತು, ಒರೆಸೋಣ ಅಂತ. ಒಳ್ಳೆಯ ಮನಸ್ಸಿನಿಂದಲೇ. ನಾನು ಅಷ್ಟು ಜೋರಾಗಿ ಎಂದೂ ಕೂಗಿರಲಿಲ್ಲ. ಕಿಟಕಿ ಗಾಜಿನದಲ್ಲ, ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್. ಎಂ.ಇ.ಕೆ. ಸೋಕಿದರೆ ಕ್ಷಣದಲ್ಲಿ ಮಂಜಾಗಿ, ನೂರಾರು ನವಿರು ಸೀಳು ಬಿಡುತ್ತದೆ. ಎದುರು ಬಿಸಿಲಿಗೆ ಇಳಿಯುವ ಹೊತ್ತಿನಲ್ಲಿ ಆ ಸೀಳುಗಳೆಲ್ಲ ಹೊತ್ತಿಕೊಂಡಂತೆ ಹೊಳೆದು ರನ್‌ವೇ ಕಾಣದಂತಾಗುತ್ತದೆ. ಥಿನ್ನರ್, ಪೆಟ್ರೋಲ್, ಮನೆಯ ಗಾಜು ಒರೆಸುವ ಅಮೋನಿಯಾದ ನೀರು, ಇವು ಯಾವುವೂ ಆ ಕಿಟಕಿಯ ಹತ್ತಿರ ಸುಳಿಯಬಾರದು. ಬರೀ ನೀರು, ಮೆದು ಸೋಪು, ಕೈ. ಹುಡುಗ ಬೆಪ್ಪಾಗಿ ನಿಂತುಬಿಟ್ಟ. "ಗೊತ್ತಿರ್ಲಿಲ್ಲ ಅಕ್ಕ" ಅಂದ. ಹೇಳಿಕೊಟ್ಟಿರಲಿಲ್ಲ ಅನ್ನುವುದೇ ಸರಿ. ಅವತ್ತಿನಿಂದ ದ್ರಾವಕದ ಬಟ್ಟೆಗೆ ಮುಚ್ಚಳದ ಕೆಂಪು ಡಬ್ಬ ಬೇರೆ ಇಟ್ಟೆವು, ಕಿಟಕಿಗಳಿಗೆ ಹೊದಿಕೆ ಹಾಕದೆ ಜಾಡಿ ತೆರೆಯುವುದಿಲ್ಲ.

ಬಾಲದ ತುದಿಯಲ್ಲೂ ಒಂದು ಬಿರುಕು ಸಿಕ್ಕಿತ್ತು, ಅದರ ವಿಚಾರ ಬೇರೆ. ಪಾಕ ಜಾಡಿಯಲ್ಲಿದೆ, ಕೈ ಪಳಗಿದೆ, ಅದನ್ನೂ ಮಾಡಿಬಿಡೋಣ ಅಂದೆ. ಸರ್ ನನ್ನನ್ನು ಬಾಲದ ಹತ್ತಿರ ಕರೆದುಕೊಂಡು ಹೋಗಿ ಅಡ್ಡರೆಕ್ಕೆಯನ್ನು ಒಂದು ಬೆರಳಿನಿಂದ ಎತ್ತಿದರು. ನಮ್ಮ ವಿಮಾನದಲ್ಲಿ ಬಾಲದ ಅಡ್ಡರೆಕ್ಕೆ ಪೂರ್ತಿಯಾಗಿ ಮೇಲೆ ಕೆಳಗೆ ತಿರುಗುತ್ತದೆ, ತಕ್ಕಡಿಯಂತೆ ತೂಗಿ ನಿಲ್ಲಿಸಿರುತ್ತಾರೆ. ತಿರುಗುವ ಗೆರೆಯ ಹಿಂದೆ ತೂಕ ಹೆಚ್ಚಾದರೆ ವೇಗದಲ್ಲಿ ಅದು ತಾನೇ ತಾನಾಗಿ ನಡುಗಲು ಶುರುಮಾಡಬಹುದು. ಫ್ಲಟರ್ ಅನ್ನುತ್ತಾರೆ. ಶುರುವಾದರೆ ಸೆಕೆಂಡುಗಳಲ್ಲಿ ಬಾಲವನ್ನೇ ಕಿತ್ತುಹಾಕಬಲ್ಲದು. ಅಲ್ಲಿ ತೇಪೆ ಹಾಕಿದರೆ, ಬಣ್ಣ ಒಂದು ಪದರ ಹೆಚ್ಚು ಹೊಡೆದರೂ ಸಹ, ಮತ್ತೆ ಬ್ಯಾಲೆನ್ಸ್ ನೋಡಿ ಕೈಪಿಡಿಯ ಮಿತಿಯೊಳಗೆ ಇದೆಯೇ ಎಂದು ತೂಗಬೇಕು. "ರೆಕ್ಕೆ ತುದಿ ನಿಂತ್ಕೊಂಡಿರೋದು. ಇದು ಆಡೋದು. ಎರಡನ್ನೂ ಒಂದೇ ಅನ್ಕೋಬೇಡ" ಅಂದರು. ಹೊಸ ತುದಿಗೆ ಆರ್ಡರ್ ಹೋಯಿತು, ಅದು 8130-3 ಚೀಟಿಯೊಂದಿಗೆ, ಅಂದರೆ ಬಿಡಿಭಾಗ ಹಾರಾಟಕ್ಕೆ ಯೋಗ್ಯ ಎನ್ನುವ ಪ್ರಮಾಣಪತ್ರದೊಂದಿಗೆ, ಬರುವವರೆಗೆ ವಿಮಾನ ನೆಲದ ಮೇಲೇ ಇತ್ತು. ತರಬೇತಿಯ ಗಂಟೆಗಳು ಹಿಂದೆ ಬಿದ್ದವು, ಹುಡುಗರು ಮುಖ ಸಣ್ಣಗೆ ಮಾಡಿಕೊಂಡು ಬಂದು ಕೇಳುತ್ತಿದ್ದರು. ಕಾಯುವುದೇ ಸರಿಯಾಗಿತ್ತು.

ರೆಕ್ಕೆಯ ತುದಿಯನ್ನು ಬಣ್ಣ ಹೊಡೆಯುವ ಮೊದಲು ತೂಗಿದೆ. ಪುಟ್ಟಿ ತೆಗೆದಾಗ ಬರೆದಿಟ್ಟಿದ್ದಕ್ಕಿಂತ 38 ಗ್ರಾಂ ಹೆಚ್ಚು. ಬಣ್ಣದ ಥಿನ್ನರೂ ಎಬಿಎಸ್ಸನ್ನು ಕಚ್ಚುವಂಥದ್ದೇ, ಹಾಗಾಗಿ ಪ್ರೈಮರನ್ನು ಇಬ್ಬನಿಯಂತೆ ಒಂದು ಸಲ ಊದಿ, ಒಣಗಿದ ಮೇಲೆ ಮುಂದಿನದು.

ಕೂರಿಸುವಾಗ ತೂತುಗಳನ್ನು ಕೈಪಿಡಿ ಒಪ್ಪುವಷ್ಟು ಅಗಲಿಸಿ, ಸ್ಕ್ರೂ ತಲೆಯ ಕೆಳಗೆ ಅಗಲದ ವಾಷರ್ ಹಾಕಿದೆ. ನಡುವಿನ ಸ್ಕ್ರೂನಿಂದ ಶುರುಮಾಡಿ ಎರಡೂ ಕಡೆಗೆ ಹೋದೆ. ವಾಷರ್ ಪ್ಲಾಸ್ಟಿಕ್ ಮುಟ್ಟಿದ ಮೇಲೆ ಸ್ವಲ್ಪವೇ ತಿರುವು, ಅಷ್ಟೇ. ಹುಡುಗ ಇನ್ನೊಂದು ಸುತ್ತು ಬಿಗಿಯಲು ಕೈ ಹಾಕಿದ, ನಾನು ಅವನ ಕೈ ಹಿಡಿದು ಆ ಹಳೇ ಉಂಗುರದ ಗುರುತು ತೋರಿಸಿದೆ. ಬಲಗಡೆಯ ಅಕ್ಕಿಕಾಳಿನ ಬಿರುಕಿಗೂ ತಡೆತೂತು, ಪಟ್ಟಿ, ಅದೇ ವಾಷರ್. ಕೆಂಪು ದೀಪ ಉರಿಸಿ ನೋಡಿದೆವು, ಬಲತುದಿಯ ಹಸಿರನ್ನೂ. ಸರ್ ಎರಡೂ ತುದಿಯ ಒಳಗೆ ಟಾರ್ಚ್ ಬಿಟ್ಟು, ಒಂದೊಂದು ಸ್ಕ್ರೂ ಮುಟ್ಟಿ ನೋಡಿ, ಲಾಗ್ ಬುಕ್ಕಿನಲ್ಲಿ ಬರೆದು ಸಹಿ ಹಾಕಿದರು.

50 ಗಂಟೆ ಹಾರಿದ ಮೇಲೆ ಇನ್‌ಸ್ಪೆಕ್ಷನ್‌ಗೆ ವಿಮಾನ ಬಂತು. ಮೇ ತಿಂಗಳು, ಇಡೀ ಬೇಸಿಗೆಯನ್ನು ಅದು ಏಪ್ರನ್ ಮೇಲೆ ಕಳೆದಿತ್ತು. ತುದಿ ಬಿಚ್ಚಿ ಮೇಜಿನ ಮೇಲೆ ಮಗುಚಿದೆ. ಏನೂ ಉದುರಲಿಲ್ಲ. ಹಿಂದಿನಿಂದ ಎರಡೂ ಹೆಬ್ಬೆರಳು ಒತ್ತಿ ಬಗ್ಗಿಸಿದೆ, ಹುಡುಗ ಟಾರ್ಚ್ ಹಿಡಿದಿದ್ದ. ತಡೆತೂತಿನ ಆಚೆ ಬಿಳಿ ಬರಲಿಲ್ಲ. ಪಟ್ಟಿಯ ನಾಲ್ಕೂ ಅಂಚಿಗೆ ಉಗುರು ಆಡಿಸಿದೆ, ಎಲ್ಲೂ ಎದ್ದಿರಲಿಲ್ಲ. ಸ್ಕ್ರೂ ತೂತುಗಳ ಅಂಚಿನಲ್ಲಿ ವಾಷರ್ ಜಾರಿದ ಸಣ್ಣ ಉಜ್ಜಿದ ಗುರುತಿತ್ತು, ಹಿಗ್ಗಿದ ಪ್ಲಾಸ್ಟಿಕ್ ತನ್ನ ದಾರಿಯಲ್ಲಿ ಸರಿದು ವಾಪಸ್ ಬಂದದ್ದು.

ಸಂಜೆ ಚಾಮರಾಜನಗರದ ರೈಲು ಕೂಗುತ್ತಾ ಹೋದ ಹೊತ್ತಿಗೆ ವಿಮಾನವನ್ನು ಒಳಗೆ ತಳ್ಳಲು ಎಲ್ಲರೂ ಸೇರಿದೆವು. ನಾನು ಯಾರಿಗೂ ಏನೂ ಹೇಳಿರಲಿಲ್ಲ. ಹುಡುಗ ಓಡಿಹೋಗಿ ಬಾಗಿಲಿನ ಕಂಬಕ್ಕೂ ರೆಕ್ಕೆಗೂ ನಡುವೆ ನಿಂತು ಕೈ ಎತ್ತಿದ.

"ಎಡಗಡೆ ನಾನು ನೋಡ್ಕೋತೀನಿ ಅಕ್ಕ, ತಳ್ಳಿ."